ಲ್ಯಾಪ್‌ಟಾಪ್‌ನಲ್ಲಿ ಸದ್ದೇ ಬರುತ್ತಿಲ್ಲವೇ? ಧ್ವನಿ ಎಲ್ಲಿ ನಿಂತಿದೆ ಎಂದು ಹುಡುಕಿ ಸರಿಪಡಿಸುವ ಬಗೆ

ವಿಡಿಯೋ ಓಡುತ್ತಿದೆ, ವಾಲ್ಯೂಮ್ ಪಟ್ಟಿ ತುದಿ ಮುಟ್ಟಿದೆ, ಆದರೂ ಸ್ಪೀಕರ್‌ನಿಂದ ಸದ್ದಿಲ್ಲ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮೊದಲು ಕೈಹಾಕುವುದು ಡ್ರೈವರ್‌ಗೆ, ಅಂದರೆ ಧ್ವನಿ ಚಿಪ್ಪನ್ನು ನಡೆಸುವ ಸಾಫ್ಟ್‌ವೇರ್‌ಗೆ. ತೆಗೆದುಹಾಕುವುದು, ಮತ್ತೆ ಹಾಕುವುದು, ಆಗದಿದ್ದರೆ ಇನ್ನೆಲ್ಲಿಂದಲೋ ಇಳಿಸಿಕೊಂಡು ನೋಡುವುದು. ಒಮ್ಮೊಮ್ಮೆ ಇದರಿಂದ ಸರಿಹೋಗುತ್ತದೆ, ನಿಜ. ಆದರೆ ಎಷ್ಟೋ ಸಲ ಚೆನ್ನಾಗಿದ್ದ ಡ್ರೈವರ್ ಕೂಡ ಕಳೆದುಹೋಗಿ ಒಂದಿದ್ದ ತೊಂದರೆ ಎರಡಾಗುತ್ತದೆ. ಧ್ವನಿ ಯಾವ ಹಂತದವರೆಗೆ ಬಂದು ನಿಂತಿದೆ ಎಂದು ಮೊದಲು ತಿಳಿದುಕೊಂಡರೆ, ಆ ಹಂತಕ್ಕಷ್ಟೇ ಕೈಹಾಕಿದರೆ ಸಾಕು.

ಧ್ವನಿ ಸಾಗುವ ದಾರಿ ಇದು: ಬ್ರೌಸರ್ ಅಥವಾ ಪ್ಲೇಯರ್ ಹೊರಡಿಸಿದ ಧ್ವನಿ ಆಪರೇಟಿಂಗ್ ಸಿಸ್ಟಂನ ಮಿಕ್ಸರ್‌ಗೆ ಬರುತ್ತದೆ. ಅಲ್ಲಿ ಎಲ್ಲ ಆ್ಯಪ್‌ಗಳ ಧ್ವನಿಯೂ ಬೆರೆತು, ಡ್ರೈವರ್ ಮೂಲಕ ಚಿಪ್‌ಸೆಟ್‌ನೊಳಗಿನ ಆಡಿಯೋ ಕಂಟ್ರೋಲರ್‌ಗೆ ಹೋಗುತ್ತದೆ. ಅಲ್ಲಿಂದ ಮುಂದಿನದು ಮದರ್‌ಬೋರ್ಡ್ ಮೇಲಿರುವ ಕೋಡೆಕ್ ಎಂಬ ಪುಟ್ಟ ಚಿಪ್. ರಿಯಲ್‌ಟೆಕ್, ಕೊನೆಕ್ಸಂಟ್, ಸಿರಸ್ ಲಾಜಿಕ್ ಎಂಬ ಹೆಸರುಗಳನ್ನು ನೀವು ನೋಡಿರುವುದು ಈ ಚಿಪ್‌ನ ಕಾರಣಕ್ಕೆ. ಅಂಕಿಗಳ ರೂಪದಲ್ಲಿ ಬಂದ ಧ್ವನಿಯನ್ನು ಕೋಡೆಕ್ ವಿದ್ಯುತ್ ಸಂಕೇತವಾಗಿ ಮಾಡಿಕೊಡುತ್ತದೆ, ಆಂಪ್ಲಿಫೈಯರ್ ಅದಕ್ಕೆ ಬಲ ತುಂಬುತ್ತದೆ, ಕೊನೆಗೆ ಸ್ಪೀಕರ್ ನುಡಿಯುತ್ತದೆ. ಬ್ಲೂಟೂತ್, ಯುಎಸ್‌ಬಿ ಮತ್ತು ಎಚ್‌ಡಿಎಂಐ ಮೂಲಕ ಹೋಗುವ ಧ್ವನಿ ಈ ಕೋಡೆಕ್ ಚಿಪ್ಪನ್ನು ಮುಟ್ಟದೆ ಬೇರೆ ದಾರಿಯಲ್ಲೇ ಹೋಗುತ್ತದೆ. ಮುಂದಿನ ಪರೀಕ್ಷೆಗಳಿಗೆಲ್ಲ ಇದೇ ಆಧಾರ, ನೆನಪಿಟ್ಟುಕೊಳ್ಳಿ.

ಕೆಳಗಿನ ಹಂತಗಳು ಮುಖ್ಯವಾಗಿ ವಿಂಡೋಸ್ 11 ಮತ್ತು 10ಕ್ಕೆ. ಲಿನಕ್ಸ್ ಮತ್ತು ಮ್ಯಾಕ್‌ಗೆ ಬೇಕಾದದ್ದು ಬೇರೆ ಭಾಗದಲ್ಲಿದೆ. ಕೊನೆಯ ಹಾರ್ಡ್‌ವೇರ್ ಭಾಗ ಎಲ್ಲಕ್ಕೂ ಅನ್ವಯಿಸುತ್ತದೆ.

ಮೊದಲು ನೋಡಬೇಕಾದ ನಾಲ್ಕು ವಿಷಯಗಳು

ಮ್ಯೂಟ್ ಕೀ. ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಮೇಲಿನ ಎಫ್ ಸಾಲಿನ ಒಂದು ಕೀ ಮೇಲೆ ಗೀಟು ಹೊಡೆದ ಸ್ಪೀಕರ್ ಚಿತ್ರ ಇರುತ್ತದೆ. ಕೆಲವದರಲ್ಲಿ ಅದರ ಮೇಲೆ ಸಣ್ಣ ದೀಪವೂ ಇರುತ್ತದೆ. ದೀಪ ಉರಿಯುತ್ತಿದ್ದರೆ ಮ್ಯೂಟ್ ಆಗಿದೆ ಎಂದೇ ಅರ್ಥ. ಎಫ್‌ಎನ್ ಲಾಕ್ ಇರುವ ಯಂತ್ರಗಳಲ್ಲಿ ಬರೀ ಆ ಕೀ ಒತ್ತಿದರೆ ಸಾಲದು, ಎಫ್‌ಎನ್ ಜೊತೆಗೆ ಒತ್ತಬೇಕಾಗಬಹುದು. ದೀಪವೂ ಪರದೆಯ ಮೇಲಿನ ಗುರುತೂ ಬೇರೆ ಬೇರೆ ಹೇಳುತ್ತಿದ್ದರೆ ಎರಡು ಸಲ ಒತ್ತಿ ಎರಡನ್ನೂ ಒಂದೇ ಸ್ಥಿತಿಗೆ ತನ್ನಿ.

ಧ್ವನಿ ಬೇರೆ ಸಾಧನಕ್ಕೆ ಹೋಗುತ್ತಿರುವುದು. ಸದ್ದಿಲ್ಲ ಎಂಬ ದೂರುಗಳಲ್ಲಿ ಬಹಳ ಸಾಮಾನ್ಯವಾದ ಕಾರಣ ಇದು. ಡಬ್ಬಿಯಿಂದ ಹೊರಗೆ ಉಳಿದ ಬ್ಲೂಟೂತ್ ಇಯರ್‌ಬಡ್ ಪಕ್ಕದ ಕೋಣೆಯಲ್ಲೇ ಕೂತು ಲ್ಯಾಪ್‌ಟಾಪ್‌ಗೆ ಜೋಡಿಕೊಂಡಿರಬಹುದು. ಎಚ್‌ಡಿಎಂಐ ಅಥವಾ ಟೈಪ್ ಸಿ ಮೂಲಕ ಹಾಕಿದ ಮಾನಿಟರ್‌ನಲ್ಲಿ ಸ್ಪೀಕರೇ ಇರದಿದ್ದರೂ ವಿಂಡೋಸ್ ಧ್ವನಿಯನ್ನು ಅದಕ್ಕೇ ಕಳಿಸುತ್ತಿರಬಹುದು. ಟಾಸ್ಕ್‌ಬಾರ್‌ನ ಸ್ಪೀಕರ್ ಗುರುತನ್ನು ಒತ್ತಿ, ವಾಲ್ಯೂಮ್ ಪಟ್ಟಿಯ ಪಕ್ಕದ ಗುರುತನ್ನು ಮತ್ತೆ ಒತ್ತಿದರೆ ಸಾಧನಗಳ ಪಟ್ಟಿ ತೆರೆಯುತ್ತದೆ. ವಿಂಡೋಸ್ 11ರ ಹೊಸ ಆವೃತ್ತಿಗಳಲ್ಲಿ ಕಂಟ್ರೋಲ್, ವಿಂಡೋಸ್ ಕೀ ಮತ್ತು ವಿ ಮೂರನ್ನೂ ಒಟ್ಟಿಗೆ ಒತ್ತಿದರೆ ನೇರವಾಗಿ ಇದೇ ಪಟ್ಟಿಗೆ ಬರುತ್ತೀರಿ. ಅಲ್ಲಿ ಸ್ಪೀಕರ್ಸ್ ಎಂದಿರುವುದನ್ನು ಆರಿಸಿ. ಖಾತರಿಗೆ ಬ್ಲೂಟೂತನ್ನೇ ಒಂದು ನಿಮಿಷ ಆಫ್ ಮಾಡಿ, ಮಾನಿಟರ್ ಕೇಬಲ್ ಕಳಚಿ ನೋಡಿ.

ಟ್ಯಾಬ್ ಅಥವಾ ಪ್ಲೇಯರ್ ಮ್ಯೂಟ್. ಬ್ರೌಸರ್‌ನ ಟ್ಯಾಬ್ ಮೇಲೆ ಗೀಟು ಹೊಡೆದ ಸ್ಪೀಕರ್ ಚಿತ್ರ ಇದ್ದರೆ ಆ ಟ್ಯಾಬ್ ಮಾತ್ರ ಮೂಕವಾಗಿದೆ. ಪ್ಲೇಯರ್‌ನೊಳಗಿನ ವಾಲ್ಯೂಮ್ ಬೇರೆಯೇ ಇರುತ್ತದೆ, ಅದನ್ನೂ ನೋಡಿ.

ರಿಮೋಟ್ ಡೆಸ್ಕ್‌ಟಾಪ್ ಅಥವಾ ಕರೆ. ಇನ್ನೊಂದು ಕಂಪ್ಯೂಟರ್‌ನ ಪರದೆಯೊಳಗೆ ಕೆಲಸ ಮಾಡುತ್ತಿದ್ದರೆ, ಧ್ವನಿ ಆ ಕಂಪ್ಯೂಟರ್‌ನಲ್ಲೇ ನುಡಿಯುವಂತೆ ಹೊಂದಿಸಿರಬಹುದು. ಕರೆಯ ಹೊತ್ತಿನಲ್ಲಿ ಉಳಿದ ಸದ್ದನ್ನೆಲ್ಲ ತಗ್ಗಿಸುವ ಅಥವಾ ಪೂರ್ತಿ ನಿಲ್ಲಿಸುವ ಆಯ್ಕೆಯೂ ವಿಂಡೋಸ್‌ನಲ್ಲಿದೆ. ಮುಂದಿನ ಭಾಗದಲ್ಲಿ ತೆರೆಯುವ ಹಳೆಯ ಸೌಂಡ್ ಕಿಟಕಿಯ ಕಮ್ಯುನಿಕೇಷನ್ಸ್ ಟ್ಯಾಬ್‌ಗೆ ಹೋಗಿ ಡೂ ನಥಿಂಗ್ ಎಂದು ಇಡಿ.

ಹಸಿರು ಪಟ್ಟಿ ಏನು ಹೇಳುತ್ತದೆ

ಈಗ ನಿಜವಾದ ಪತ್ತೆ ಕೆಲಸ. ಯಾವುದಾದರೂ ಹಾಡನ್ನು ಹಾಕಿ, ನಿಲ್ಲದಂತೆ ಓಡಲು ಬಿಡಿ. ಸೆಟ್ಟಿಂಗ್ಸ್, ಸಿಸ್ಟಂ, ಸೌಂಡ್ ಎಂದು ಹೋಗಿ, ಪುಟದ ಕೆಳಗೆ ಮೋರ್ ಸೌಂಡ್ ಸೆಟ್ಟಿಂಗ್ಸ್ ಒತ್ತಿ. ವಿಂಡೋಸ್ 10ರಲ್ಲಿ ಬಲಬದಿಯ ಸೌಂಡ್ ಕಂಟ್ರೋಲ್ ಪ್ಯಾನೆಲ್ ಎಂಬುದೇ ಇದು. ಚಿಕ್ಕದೊಂದು ಹಳೆಯ ಕಾಲದ ಕಿಟಕಿ ತೆರೆಯುತ್ತದೆ. ಪ್ಲೇಬ್ಯಾಕ್ ಟ್ಯಾಬ್‌ನಲ್ಲಿ ಪ್ರತಿ ಸಾಧನದ ಬಲತುದಿಗೆ ಅಡ್ಡಗೀಟುಗಳ ಒಂದು ಕಂಬ ಕಾಣುತ್ತದೆ. ಆ ಸಾಧನಕ್ಕೆ ಧ್ವನಿ ಹೋಗುತ್ತಿದ್ದರೆ ಗೀಟುಗಳು ಹಾಡಿನ ತಾಳಕ್ಕೆ ಸರಿಯಾಗಿ ಹಸಿರಾಗಿ ಏರುತ್ತವೆ, ಇಳಿಯುತ್ತವೆ. ಇಡೀ ತಪಾಸಣೆಯಲ್ಲಿ ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಹೆಚ್ಚು ಹೇಳುವ ಪರೀಕ್ಷೆ ಇನ್ನೊಂದಿಲ್ಲ.

ಸ್ಪೀಕರ್ಸ್ ಪಕ್ಕದ ಕಂಬ ಕುಣಿಯುತ್ತಿದೆ, ಆದರೆ ಕಿವಿಗೆ ಏನೂ ಇಲ್ಲ ಎಂದರೆ ಆ್ಯಪ್, ಮಿಕ್ಸರ್, ಆಡಿಯೋ ಸರ್ವೀಸ್ (ತೆರೆಮರೆಯಲ್ಲಿ ಓಡುತ್ತ ಧ್ವನಿಯನ್ನು ನೋಡಿಕೊಳ್ಳುವ ವಿಂಡೋಸ್‌ನ ಭಾಗ) ಇವೆಲ್ಲ ಸರಿಯಾಗಿವೆ. ತೊಂದರೆ ಇರುವುದು ಅದರಿಂದ ಮುಂದೆ, ಅಂದರೆ ಡ್ರೈವರ್, ಕೋಡೆಕ್, ಜ್ಯಾಕ್ ಅಥವಾ ಸ್ಪೀಕರ್‌ನಲ್ಲಿ.

ಬೇರೊಂದು ಸಾಧನದ ಕಂಬ ಕುಣಿಯುತ್ತಿದ್ದರೆ ಧ್ವನಿ ಅಲ್ಲಿಗೆ ಹೋಗುತ್ತಿದೆ. ಸ್ಪೀಕರ್ಸ್ ಆರಿಸಿ ಸೆಟ್ ಡಿಫಾಲ್ಟ್ ಒತ್ತಿದರೆ ಕೆಲಸ ಮುಗಿಯಿತು.

ಯಾವ ಕಂಬವೂ ಅಲ್ಲಾಡದಿದ್ದರೆ ಧ್ವನಿ ಇಲ್ಲಿಯವರೆಗೂ ಬಂದೇ ಇಲ್ಲ. ಆ್ಯಪ್, ಮಿಕ್ಸರ್ ಅಥವಾ ಸರ್ವೀಸ್ ಕಡೆ ನೋಡಬೇಕು.

ಸ್ಪೀಕರ್ಸ್ ಎಂಬುದೇ ಪಟ್ಟಿಯಲ್ಲಿಲ್ಲವೇ? ಖಾಲಿ ಜಾಗದಲ್ಲಿ ಬಲಗುಂಡಿ ಒತ್ತಿ ಶೋ ಡಿಸೇಬಲ್ಡ್ ಡಿವೈಸಸ್ ಆರಿಸಿ. ಮಸುಕಾಗಿ ಕಂಡರೆ ಅದರ ಮೇಲೆ ಬಲಗುಂಡಿ ಒತ್ತಿ ಎನೇಬಲ್ ಮಾಡಿ. ಹಾಗೂ ಕಾಣದಿದ್ದರೆ, ಇಲ್ಲವೇ ಟಾಸ್ಕ್‌ಬಾರ್‌ನಲ್ಲಿ ಕೆಂಪು ಗುರುತು ಬಂದು ಆಡಿಯೋ ಔಟ್‌ಪುಟ್ ಡಿವೈಸ್ ಇಲ್ಲ ಎಂಬ ಸಂದೇಶ ಇದ್ದರೆ ನೇರವಾಗಿ ಕೆಳಗಿನ ಡ್ರೈವರ್ ಭಾಗಕ್ಕೆ ಹೋಗಿ.

ಇದರ ಜೊತೆಗೆ ಇನ್ನೂ ಎರಡು ಪರೀಕ್ಷೆ ಮಾಡಿ. ಒಂದು ವೈರ್ ಇರುವ ಹೆಡ್‌ಫೋನ್ ಹಾಕಿ ಕೇಳಿ. ಆಮೇಲೆ ಬ್ಲೂಟೂತ್ ಅಥವಾ ಯುಎಸ್‌ಬಿ ಹೆಡ್‌ಸೆಟ್ ಹಾಕಿ ಕೇಳಿ. ಹೆಡ್‌ಫೋನ್‌ನಲ್ಲಿ ಬರುತ್ತದೆ, ಸ್ಪೀಕರ್‌ನಲ್ಲಿ ಇಲ್ಲ ಎಂದರೆ ಡ್ರೈವರ್ ಮತ್ತು ಕೋಡೆಕ್ ಎರಡಕ್ಕೂ ಜೀವ ಇದೆ. ಜ್ಯಾಕ್, ಆಂಪ್ಲಿಫೈಯರ್, ಸ್ಪೀಕರ್ ಇಷ್ಟರಲ್ಲೇ ಹುಡುಕಿ. ಬ್ಲೂಟೂತ್‌ನಲ್ಲಿ ಮಾತ್ರ ಬರುತ್ತದೆ, ಸ್ಪೀಕರ್ ಮತ್ತು ವೈರ್ ಹೆಡ್‌ಫೋನ್ ಎರಡರಲ್ಲೂ ಇಲ್ಲ ಎಂದರೆ ಕೋಡೆಕ್ ಅಥವಾ ಅದರ ಡ್ರೈವರ್ ಮೇಲೆ ಅನುಮಾನ. ಮೂರರಲ್ಲೂ ಇಲ್ಲದಿದ್ದರೆ ಅದು ಬಹುತೇಕ ಸಾಫ್ಟ್‌ವೇರ್ ತೊಂದರೆಯೇ, ಸ್ಕ್ರೂಡ್ರೈವರ್ ಮುಟ್ಟುವ ಅಗತ್ಯವಿಲ್ಲ.

ಕಂಬ ಅಲ್ಲಾಡದಿದ್ದಾಗ

ಸೌಂಡ್ ಪುಟದಲ್ಲೇ ವಾಲ್ಯೂಮ್ ಮಿಕ್ಸರ್ ತೆರೆಯಿರಿ. ಈಗ ಸದ್ದು ಮಾಡುತ್ತಿರುವ ಪ್ರತಿ ಆ್ಯಪ್‌ಗೂ ಅಲ್ಲಿ ಬೇರೆ ಬೇರೆ ಪಟ್ಟಿ ಇರುತ್ತದೆ. ಬ್ರೌಸರ್‌ನದು ಸೊನ್ನೆಗೆ ಇಳಿದಿರಬಹುದು. ಅದಕ್ಕಿಂತ ಕಣ್ಣಿಗೆ ಬೀಳದ ವಿಷಯ ಇನ್ನೊಂದಿದೆ: ಪ್ರತಿ ಆ್ಯಪ್‌ಗೂ ಬೇರೆ ಔಟ್‌ಪುಟ್ ಸಾಧನ ಆರಿಸುವ ಅವಕಾಶ ಇಲ್ಲೇ ಇದೆ. ಎಂದೋ ಹೆಡ್‌ಸೆಟ್‌ಗೆ ಎಂದು ಆರಿಸಿಟ್ಟ ಆ್ಯಪ್ ಆ ಹೆಡ್‌ಸೆಟ್ ಇಲ್ಲದಾಗಲೂ ಅದನ್ನೇ ಹಿಡಿದುಕೊಂಡಿರಬಹುದು. ಎಲ್ಲವನ್ನೂ ಡಿಫಾಲ್ಟ್‌ಗೆ ತನ್ನಿ, ಅಥವಾ ಪುಟದ ಕೆಳಗಿನ ರೀಸೆಟ್ ಒತ್ತಿ.

ಪರದೆ ರೆಕಾರ್ಡ್ ಮಾಡುವ, ದನಿ ಬದಲಿಸುವ ಸಾಫ್ಟ್‌ವೇರ್‌ಗಳು ತಮ್ಮದೇ ಕಾಲ್ಪನಿಕ ಸ್ಪೀಕರ್ ಒಂದನ್ನು ಪಟ್ಟಿಗೆ ಸೇರಿಸುತ್ತವೆ. ಹೆಸರಿನಲ್ಲಿ ವರ್ಚುವಲ್ ಅಥವಾ ಕೇಬಲ್ ಎಂಬ ಪದ ಇದ್ದರೆ ಅದೇ. ಅದು ಡಿಫಾಲ್ಟ್ ಆಗಿ ಕೂತರೆ ಧ್ವನಿ ಎಲ್ಲೂ ಹೊರಬರದೆ ಅದರೊಳಗೇ ಇಂಗಿಹೋಗುತ್ತದೆ.

ಮಿಕ್ಸರ್ ಸರಿಯಾಗಿದ್ದರೆ ಸರ್ವೀಸ್ ಮರುಚಾಲನೆ ಮಾಡಿ:

1. ಸ್ಟಾರ್ಟ್‌ನಲ್ಲಿ ಸರ್ವೀಸಸ್ ಎಂದು ಹುಡುಕಿ ತೆರೆಯಿರಿ.
2. ವಿಂಡೋಸ್ ಆಡಿಯೋ ಎಂಡ್‌ಪಾಯಿಂಟ್ ಬಿಲ್ಡರ್ ಮೇಲೆ ಬಲಗುಂಡಿ ಒತ್ತಿ ರೀಸ್ಟಾರ್ಟ್ ಕೊಡಿ. ವಿಂಡೋಸ್ ಆಡಿಯೋ ಸರ್ವೀಸ್ ಇದನ್ನೇ ನೆಚ್ಚಿಕೊಂಡಿರುವುದರಿಂದ ಅದನ್ನೂ ಮರುಚಾಲನೆ ಮಾಡಬೇಕೇ ಎಂಬ ಪ್ರಶ್ನೆ ಬರುತ್ತದೆ. ಯೆಸ್ ಅನ್ನಿ.
3. ಎರಡೂ ರನ್ನಿಂಗ್ ಎಂದು, ಸ್ಟಾರ್ಟ್‌ಅಪ್ ಟೈಪ್ ಆಟೊಮ್ಯಾಟಿಕ್ ಎಂದು ತೋರಿಸಬೇಕು. ಇಲ್ಲದಿದ್ದರೆ ಎರಡು ಸಲ ಒತ್ತಿ ತೆರೆದು ಬದಲಿಸಿ.
4. ತೆರೆದಿರುವ ಬ್ರೌಸರ್, ಪ್ಲೇಯರ್ ಎಲ್ಲವನ್ನೂ ಮುಚ್ಚಿ ಮತ್ತೆ ತೆರೆಯಿರಿ. ಸರ್ವೀಸ್ ನಿಂತಾಗ ಕಡಿದುಹೋದ ಸಂಪರ್ಕವನ್ನು ಎಷ್ಟೋ ಆ್ಯಪ್‌ಗಳು ತಾವಾಗಿ ಮತ್ತೆ ಜೋಡಿಸಿಕೊಳ್ಳುವುದಿಲ್ಲ.

ಆಡಿಯೋ ಸರ್ವೀಸ್ ಪ್ರತಿಕ್ರಿಯಿಸುತ್ತಿಲ್ಲ ಎಂಬ ಸಂದೇಶಕ್ಕೆ ಪರಿಹಾರ ಎಂದು ಕಮಾಂಡ್ ಪ್ರಾಂಪ್ಟ್‌ನಲ್ಲಿ ಲೋಕಲ್ ಸರ್ವೀಸ್ ಖಾತೆಯನ್ನು ಅಡ್ಮಿನಿಸ್ಟ್ರೇಟರ್ ಗುಂಪಿಗೆ ಸೇರಿಸುವ ಒಂದು ಸಲಹೆ ಬಹಳ ಕಡೆ ಸುತ್ತಾಡುತ್ತಿದೆ. ದಯವಿಟ್ಟು ಮಾಡಬೇಡಿ. ಕಡಿಮೆ ಅಧಿಕಾರದಲ್ಲಿ ಓಡಲೆಂದೇ ಇಟ್ಟ ಖಾತೆಗೆ ಇಡೀ ಯಂತ್ರದ ಬೀಗದ ಕೈ ಕೊಟ್ಟಂತಾಗುತ್ತದೆ. ಸರ್ವೀಸ್ ಶುರುವೇ ಆಗದಿದ್ದರೆ ಸಿಸ್ಟಂ ಫೈಲ್‌ಗಳು ಕೆಟ್ಟಿರಬಹುದು. ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಟರ್ಮಿನಲ್‌ನಲ್ಲಿ ಮೊದಲು ಡಿಸ್ಮ್ ಕಮಾಂಡ್‌ನ ರಿಸ್ಟೋರ್ ಹೆಲ್ತ್ ಆಯ್ಕೆಯನ್ನೂ (DISM /Online /Cleanup-Image /RestoreHealth), ಆಮೇಲೆ ಎಸ್‌ಎಫ್‌ಸಿ ಸ್ಕ್ಯಾನ್‌ನೌ ಕಮಾಂಡನ್ನೂ (sfc /scannow) ಓಡಿಸಿ. ಇದೇ ಕ್ರಮ ಇರಲಿ, ಏಕೆಂದರೆ ಎರಡನೆಯದು ದುರಸ್ತಿಗೆ ಬೇಕಾದ ಫೈಲ್‌ಗಳನ್ನು ಮೊದಲನೆಯದು ಸರಿಮಾಡಿದ ಸಂಗ್ರಹದಿಂದಲೇ ತೆಗೆದುಕೊಳ್ಳುತ್ತದೆ.

ಡ್ರೈವರ್ ಮುಟ್ಟುವ ಮೊದಲು ಒಂದು ಪೂರ್ತಿ ಶಟ್‌ಡೌನ್

ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟ್‌ಅಪ್ ಆನ್ ಆಗಿದ್ದರೆ ಶಟ್‌ಡೌನ್ ಒತ್ತಿದಾಗ ಯಂತ್ರ ಪೂರ್ತಿ ಆರುವುದಿಲ್ಲ. ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಮತ್ತು ಡ್ರೈವರ್‌ಗಳ ಸ್ಥಿತಿಯನ್ನು ಡಿಸ್ಕ್‌ಗೆ ಬರೆದಿಟ್ಟು, ಮರುದಿನ ಅದನ್ನೇ ಎಬ್ಬಿಸುತ್ತದೆ. ಆಡಿಯೋ ಡ್ರೈವರ್ ಒಮ್ಮೆ ಸಿಕ್ಕಿಹಾಕಿಕೊಂಡರೆ ದಿನಾ ಆಫ್ ಮಾಡಿ ಆನ್ ಮಾಡಿದರೂ ಅದೇ ಕೆಟ್ಟ ಸ್ಥಿತಿ ಮರಳಿ ಬರುವುದು ಹೀಗೆ. ರೀಸ್ಟಾರ್ಟ್ ಮಾತ್ರ ಎಲ್ಲವನ್ನೂ ಹೊಸದಾಗಿ ಶುರು ಮಾಡುತ್ತದೆ.

ಅದಕ್ಕೂ ಒಂದು ಹೆಜ್ಜೆ ಮುಂದೆ ಹೋಗಿ ವಿದ್ಯುತ್ತನ್ನೇ ಹರಿಸಿಬಿಡಿ. ಶಿಫ್ಟ್ ಕೀ ಹಿಡಿದುಕೊಂಡೇ ಶಟ್‌ಡೌನ್ ಕೊಡಿ. ಚಾರ್ಜರ್, ಯುಎಸ್‌ಬಿ, ಮಾನಿಟರ್ ಎಲ್ಲ ಕಳಚಿ. ಬ್ಯಾಟರಿ ಹೊರಗಿನಿಂದ ತೆಗೆಯುವಂಥದ್ದಾದರೆ ತೆಗೆಯಿರಿ. ಪವರ್ ಗುಂಡಿಯನ್ನು 30 ಸೆಕೆಂಡ್ ಒತ್ತಿ ಹಿಡಿದು ಬಿಡಿ. ಚಾರ್ಜರ್ ಹಾಕಿ ಆನ್ ಮಾಡಿ. ಲ್ಯಾಪ್‌ಟಾಪ್ ನಿದ್ದೆಯಿಂದ (ಸ್ಲೀಪ್) ಎದ್ದ ಮೇಲೆ ಸದ್ದು ಹೋಯಿತು ಎಂಬಂಥ ಪ್ರಕರಣಗಳಲ್ಲಿ ಕೋಡೆಕ್ ಅಥವಾ ಆಂಪ್ಲಿಫೈಯರ್ ಚಿಪ್ ಅರೆಎಚ್ಚರದಲ್ಲೇ ನಿಂತಿರುತ್ತದೆ. ಇದರಿಂದ ಅದು ಮೊದಲಿನಿಂದ ಶುರುವಾಗುತ್ತದೆ.

ಡಿವೈಸ್ ಮ್ಯಾನೇಜರ್ ಓದುವ ಬಗೆ

ವಿಂಡೋಸ್ ಕೀ ಮತ್ತು ಎಕ್ಸ್ ಒತ್ತಿ, ಡಿವೈಸ್ ಮ್ಯಾನೇಜರ್ ಆರಿಸಿ. ಸೌಂಡ್, ವಿಡಿಯೋ ಆ್ಯಂಡ್ ಗೇಮ್ ಕಂಟ್ರೋಲರ್ಸ್ ಸಾಲನ್ನು ಬಿಡಿಸಿ. ಎಚ್‌ಡಿಎಂಐ ಧ್ವನಿಗೆ ಸಂಬಂಧಿಸಿದ ಡಿಸ್‌ಪ್ಲೇ ಆಡಿಯೋ ಅಥವಾ ಎನ್‌ವಿಡಿಯಾ ಹೈ ಡೆಫಿನಿಷನ್ ಆಡಿಯೋ ಮಾತ್ರ ಇದ್ದು, ರಿಯಲ್‌ಟೆಕ್ ಅಥವಾ ಹೈ ಡೆಫಿನಿಷನ್ ಆಡಿಯೋ ಡಿವೈಸ್ ಎಂಬುದು ಇಲ್ಲದಿದ್ದರೆ ಕೋಡೆಕ್ ವಿಂಡೋಸ್‌ಗೆ ಕಾಣುತ್ತಿಲ್ಲ.

ಹಳದಿ ತ್ರಿಕೋನ ಅಥವಾ ಕೆಳಮುಖದ ಬಾಣ ಇದ್ದರೆ ಆ ಸಾಲನ್ನು ಎರಡು ಸಲ ಒತ್ತಿ, ಜನರಲ್ ಟ್ಯಾಬ್‌ನ ಕೋಡ್ ಸಂಖ್ಯೆ ನೋಡಿ. ಕೋಡ್ 10 ಎಂದರೆ ಡ್ರೈವರ್ ಇದೆ, ಆದರೆ ಸಾಧನ ಶುರುವಾಗಲಿಲ್ಲ. 22 ಎಂದರೆ ಡಿಸೇಬಲ್ ಮಾಡಲಾಗಿದೆ, ಎನೇಬಲ್ ಮಾಡಿದರಾಯಿತು. 28 ಎಂದರೆ ಡ್ರೈವರೇ ಇಲ್ಲ. ಮಸುಕಾದ ಗುರುತಿನ ಜೊತೆ ಕೋಡ್ 45 ಬಂದರೆ ಸಾಧನ ಈಗ ಸಂಪರ್ಕದಲ್ಲೇ ಇಲ್ಲ ಎಂದರ್ಥ. ಲ್ಯಾಪ್‌ಟಾಪ್‌ನೊಳಗೇ ಇರುವ ಆಡಿಯೋ ಚಿಪ್‌ಗೆ ಹೀಗೆ ಬಂದರೆ ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯಬಹುದಾದ, ಯಂತ್ರದ ಮೂಲ ಸೆಟ್ಟಿಂಗ್‌ಗಳ ಪರದೆ) ಆಫ್ ಆಗಿದೆಯೇ, ಚಿಪ್ ಕೆಟ್ಟಿದೆಯೇ ಎಂದು ನೋಡಬೇಕಾಗುತ್ತದೆ.

ಇನ್ನೊಂದು ಸುಳಿವು: ಇಂಟೆಲ್‌ನ ಇತ್ತೀಚಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಸ್ಪೀಕರ್ ಮತ್ತು ಒಳಗಿನ ಮೈಕ್ ಎರಡೂ ಇಂಟೆಲ್ ಸ್ಮಾರ್ಟ್ ಸೌಂಡ್ ಟೆಕ್ನಾಲಜಿ ಎಂಬ ಒಂದೇ ಸಂಸ್ಕಾರಕದ ಮೂಲಕ ಹೋಗುತ್ತವೆ. ಸ್ಪೀಕರ್ ಜೊತೆಗೆ ಮೈಕ್ ಕೂಡ ಒಮ್ಮೆಗೇ ಮಾಯವಾಗಿದ್ದರೆ ರಿಯಲ್‌ಟೆಕ್ ಡ್ರೈವರ್ ಬಿಟ್ಟು, ಸಿಸ್ಟಂ ಡಿವೈಸಸ್ ಸಾಲಿನಲ್ಲಿರುವ ಈ ಸ್ಮಾರ್ಟ್ ಸೌಂಡ್ ಡ್ರೈವರನ್ನು ಮೊದಲು ನೋಡಿ.

ಈಗ ದುರಸ್ತಿ. ಈ ಕ್ರಮದಲ್ಲೇ ಮಾಡಿ, ಪ್ರತಿ ಹಂತದ ನಂತರ ರೀಸ್ಟಾರ್ಟ್ ಮಾಡಿ ಕೇಳಿ:

1. ಅಪ್‌ಡೇಟ್ ಆದ ಮೇಲೆ ಸದ್ದು ಹೋಗಿದ್ದರೆ ಪ್ರಾಪರ್ಟೀಸ್, ಡ್ರೈವರ್ ಟ್ಯಾಬ್, ರೋಲ್ ಬ್ಯಾಕ್ ಡ್ರೈವರ್. ಆ ಗುಂಡಿ ಮಸುಕಾಗಿದ್ದರೆ ಹಿಂದಿನ ಡ್ರೈವರ್ ಉಳಿದಿಲ್ಲ ಎಂದು.
2. ಅನ್‌ಇನ್‌ಸ್ಟಾಲ್ ಡಿವೈಸ್. ಮೊದಲ ಸಲ ಡ್ರೈವರ್ ಅಳಿಸುವ ಚೌಕಕ್ಕೆ ಗುರುತು ಹಾಕಬೇಡಿ. ರೀಸ್ಟಾರ್ಟ್ ಆದಾಗ ಅದೇ ಡ್ರೈವರ್ ಹೊಸದಾಗಿ ಕೂರುತ್ತದೆ, ಕೆಟ್ಟ ಸೆಟ್ಟಿಂಗ್ ಮಾತ್ರ ಹೋಗುತ್ತದೆ.
3. ಲ್ಯಾಪ್‌ಟಾಪ್ ತಯಾರಕರ ತಾಣಕ್ಕೆ ಹೋಗಿ, ತಳದಲ್ಲಿರುವ ಸೀರಿಯಲ್ ಸಂಖ್ಯೆ ಅಥವಾ ಪೂರ್ಣ ಮಾಡೆಲ್ ಕೊಟ್ಟು, ಆಡಿಯೋ ಡ್ರೈವರ್ ಮತ್ತು ಚಿಪ್‌ಸೆಟ್ ಡ್ರೈವರ್ ಎರಡನ್ನೂ ಇಳಿಸಿ. ಆಮೇಲೆ ಹಳೆಯದನ್ನು ಈ ಸಲ ಚೌಕಕ್ಕೆ ಗುರುತು ಹಾಕಿಯೇ ತೆಗೆದು, ಮೊದಲು ಚಿಪ್‌ಸೆಟ್, ಆಮೇಲೆ ಆಡಿಯೋ ಎಂದು ಹಾಕಿ.
4. ಆಗಲೂ ಇಲ್ಲವೆಂದರೆ ಅಪ್‌ಡೇಟ್ ಡ್ರೈವರ್, ಬ್ರೌಸ್ ಮೈ ಕಂಪ್ಯೂಟರ್, ಲೆಟ್ ಮಿ ಪಿಕ್ ಎಂದು ಹೋಗಿ ಹೈ ಡೆಫಿನಿಷನ್ ಆಡಿಯೋ ಡಿವೈಸ್ ಎಂಬ ಮೈಕ್ರೋಸಾಫ್ಟ್‌ನ ಸಾಮಾನ್ಯ ಡ್ರೈವರ್ ಆರಿಸಿ ಪರೀಕ್ಷಿಸಿ.

ಮೂರನೇ ಹಂತದಲ್ಲಿ ತಯಾರಕರ ತಾಣವೇ ಏಕೆ? ಕೋಡೆಕ್ ಚಿಪ್ ಒಂದೇ ಆದರೂ ಅದರ ಯಾವ ಕಾಲಿಗೆ ಸ್ಪೀಕರ್, ಯಾವುದಕ್ಕೆ ಜ್ಯಾಕ್ ಜೋಡಿಸಿದೆ ಎಂಬುದು ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. ತೆಳ್ಳನೆಯ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಸ್ಪೀಕರ್‌ಗೆ ಬೇರೆಯೇ ಸ್ಮಾರ್ಟ್ ಆಂಪ್ಲಿಫೈಯರ್ ಚಿಪ್ ಇರುತ್ತದೆ. ಅದಕ್ಕೆ ಬೇಕಾದ ಸೂಚನೆಗಳು ಆ ಮಾಡೆಲ್‌ನ ಡ್ರೈವರ್ ಕಟ್ಟಿನಲ್ಲಿ ಮಾತ್ರ ಇರುತ್ತವೆ. ಹೀಗಾಗಿ ಸಾಮಾನ್ಯ ಡ್ರೈವರ್ ಹಾಕಿದಾಗ ಹೆಡ್‌ಫೋನ್ ಚೆನ್ನಾಗಿ ನುಡಿದು, ಸ್ಪೀಕರ್ ಮಾತ್ರ ಸುಮ್ಮನಿರುವುದುಂಟು. ಇದನ್ನು ನೋಡಿ ಸ್ಪೀಕರ್ ಸುಟ್ಟಿದೆ ಎಂದು ತೀರ್ಮಾನಿಸಿದವರು ಅನಗತ್ಯವಾಗಿ ಯಂತ್ರ ಬಿಚ್ಚಿಸುತ್ತಾರೆ. ಎಲ್ಲ ಡ್ರೈವರನ್ನೂ ಒಂದೇ ಒತ್ತಿಗೆ ಅಪ್‌ಡೇಟ್ ಮಾಡುತ್ತೇವೆ ಎನ್ನುವ ಸಾಫ್ಟ್‌ವೇರ್‌ಗಳಿಂದ ದೂರ ಇರಬೇಕಾದುದೂ ಇದೇ ಕಾರಣಕ್ಕೆ.

ಧ್ವನಿಗೆ ಮೆರುಗು ಕೊಡುವ ಸಾಫ್ಟ್‌ವೇರ್

ಡಾಲ್ಬಿ, ಡಿಟಿಎಸ್, ವೇವ್ಸ್, ನಹಿಮಿಕ್, ಡಿರಾಕ್ ಹೀಗೆ ಹಲವು ಹೆಸರಿನ ಸಂಸ್ಕರಣಾ ಪದರಗಳು ಮಿಕ್ಸರ್ ಮತ್ತು ಡ್ರೈವರ್ ನಡುವೆ ಕೂತಿರುತ್ತವೆ. ಇವುಗಳಲ್ಲೊಂದು ಕೆಟ್ಟರೆ ಡ್ರೈವರ್ ಸರಿಯಿದ್ದರೂ ಸದ್ದು ಹೊರಬರುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ವಿಂಡೋಸ್ 11ರ 24ಎಚ್2 ಆವೃತ್ತಿಗೆ ಹೋದ, ಡಿರಾಕ್ ಸಾಫ್ಟ್‌ವೇರ್ ಇದ್ದ ಕೆಲವು ಯಂತ್ರಗಳಲ್ಲಿ ಒಳ ಸ್ಪೀಕರ್, ಬ್ಲೂಟೂತ್ ಎಲ್ಲವೂ ಒಟ್ಟಿಗೆ ಮೂಕವಾದದ್ದು ಇಂಥದೇ ಕಾರಣದಿಂದ. ಅಂಥ ಯಂತ್ರಗಳಿಗೆ ಆ ಆವೃತ್ತಿ ಹೋಗದಂತೆ ಮೈಕ್ರೋಸಾಫ್ಟ್ ತಡೆಯಬೇಕಾಯಿತು.

ಸೌಂಡ್ ಪುಟದಲ್ಲಿ ಸ್ಪೀಕರ್ಸ್ ಮೇಲೆ ಒತ್ತಿ, ಆಡಿಯೋ ಎನ್‌ಹಾನ್ಸ್‌ಮೆಂಟ್ಸ್ ಆಫ್ ಮಾಡಿ, ಸ್ಪೇಷಿಯಲ್ ಸೌಂಡ್ ಕೂಡ ಆಫ್ ಮಾಡಿ. ಹಳೆಯ ಕಿಟಕಿಯಲ್ಲಿ ಸ್ಪೀಕರ್ಸ್, ಪ್ರಾಪರ್ಟೀಸ್, ಅಡ್ವಾನ್ಸ್ಡ್ ಟ್ಯಾಬ್‌ಗೆ ಹೋಗಿ ಡಿಫಾಲ್ಟ್ ಫಾರ್ಮ್ಯಾಟ್ ಅನ್ನು 24 ಬಿಟ್, 48000 ಹರ್ಟ್ಸ್‌ಗೆ ಇಟ್ಟು ಟೆಸ್ಟ್ ಒತ್ತಿ. 24 ಬಿಟ್ ಸಿಗದಿದ್ದರೆ 16 ಸಾಕು. ಅಲ್ಲೇ ಇರುವ ಎಕ್ಸ್‌ಕ್ಲೂಸಿವ್ ಕಂಟ್ರೋಲ್ ಗುರುತನ್ನು ತೆಗೆಯಿರಿ. ಅದಿದ್ದರೆ ಒಂದು ಆ್ಯಪ್ ಸ್ಪೀಕರನ್ನು ತನಗೊಬ್ಬನಿಗೇ ಹಿಡಿದುಕೊಂಡು ಉಳಿದವುಗಳ ಬಾಯಿ ಕಟ್ಟಬಹುದು. ಒಂದೇ ಬದಿಯಿಂದ ಸದ್ದು ಬರುತ್ತಿದ್ದರೆ ಲೆವೆಲ್ಸ್ ಟ್ಯಾಬ್‌ನ ಬ್ಯಾಲೆನ್ಸ್ ಗುಂಡಿಯೊಳಗೆ ಎಡ ಮತ್ತು ಬಲ ಸಮ ಇವೆಯೇ ನೋಡಿ.

ಹೆಡ್‌ಫೋನ್ ಹಾಕದಿದ್ದರೂ ಹಾಕಿದಂತೆ ತೋರಿಸಿದರೆ

ಜ್ಯಾಕ್‌ನೊಳಗೆ ಒಂದು ಸಣ್ಣ ಸ್ವಿಚ್ ಇರುತ್ತದೆ. 3.5 ಮಿಲಿಮೀಟರ್ ಪ್ಲಗ್ ಒಳಗೆ ಹೋದಾಗ ತೆಳು ಲೋಹದ ಪಟ್ಟಿಯೊಂದು ಬಾಗುತ್ತದೆ, ಕೋಡೆಕ್ ಅದನ್ನು ಗಮನಿಸಿ ಸ್ಪೀಕರನ್ನು ನಿಲ್ಲಿಸುತ್ತದೆ. ಆ ಪಟ್ಟಿ ಬಾಗಿದಂತೆಯೇ ಉಳಿದರೆ, ಅಥವಾ ನೂಲಿನ ಎಳೆಯೋ ಮುರಿದ ಪ್ಲಗ್‌ನ ತುದಿಯೋ ಒಳಗೆ ಸಿಕ್ಕಿದ್ದರೆ, ಹೆಡ್‌ಫೋನ್ ಇನ್ನೂ ಇದೆ ಎಂದೇ ಕೋಡೆಕ್ ಭಾವಿಸುತ್ತದೆ. ಪ್ಲಗ್ ತೆಗೆದ ಮೇಲೂ ಹೆಡ್‌ಫೋನ್ಸ್ ಎಂದು ತೋರಿಸುವುದೇ ಇದರ ಗುರುತು.

ಮೊದಲು ಒಳ್ಳೆಯ ಹೆಡ್‌ಫೋನ್ ಪ್ಲಗ್ಗನ್ನು ನೆಟ್ಟಗೆ 10ರಿಂದ 15 ಸಲ ಹಾಕಿ ತೆಗೆಯಿರಿ, ಹಾಕಿದಾಗ ತುಸು ತಿರುಗಿಸಿ. ಸರಿಹೋಗದಿದ್ದರೆ ಯಂತ್ರ ಪೂರ್ತಿ ಆರಿಸಿ, ಟಾರ್ಚ್ ಬೆಳಕಿನಲ್ಲಿ ಒಳಗೆ ನೋಡಿ. ಕಸವನ್ನು ಮರದ ಟೂತ್‌ಪಿಕ್‌ನಿಂದ ಹೊರಗೆಳೆಯಿರಿ. ಸೂಜಿ, ಪಿನ್ನು ಬೇಡವೇ ಬೇಡ, ಅವು ಪಟ್ಟಿಯನ್ನು ಇನ್ನಷ್ಟು ಬಾಗಿಸುತ್ತವೆ. ತುಕ್ಕಿನ ಬಣ್ಣ ಕಂಡರೆ 90 ಶೇಕಡಕ್ಕಿಂತ ಹೆಚ್ಚು ಸಾಂದ್ರತೆಯ ಐಸೊಪ್ರೊಪೈಲ್ ಆಲ್ಕೋಹಾಲ್ ಅನ್ನು ಟೂತ್‌ಪಿಕ್‌ಗೆ ಸುತ್ತಿದ ಸ್ವಲ್ಪ ಹತ್ತಿಗೆ ತಾಗಿಸಿ, ತೊಟ್ಟಿಕ್ಕದಂತೆ ಹಿಂಡಿ ಒರೆಸಿ. ಅರ್ಧ ಗಂಟೆ ಒಣಗಲು ಬಿಡಿ.

ಸಾಫ್ಟ್‌ವೇರೋ ಹಾರ್ಡ್‌ವೇರೋ: ತೀರ್ಮಾನ ಕೊಡುವ ಪರೀಕ್ಷೆ

ಇಷ್ಟಾದರೂ ಗೊತ್ತಾಗದಿದ್ದರೆ ವಿಂಡೋಸನ್ನು ಪಕ್ಕಕ್ಕಿಟ್ಟು ನೋಡಬೇಕು. ಮೊದಲು ಬಯಾಸ್‌ಗೆ ಹೋಗಿ. ಆನ್ ಮಾಡಿದ ತಕ್ಷಣ ಡೆಲ್, ಏಸರ್, ಆಸುಸ್‌ನಲ್ಲಿ ಸಾಮಾನ್ಯವಾಗಿ ಎಫ್2, ಎಚ್‌ಪಿಯಲ್ಲಿ ಎಫ್10, ಥಿಂಕ್‌ಪ್ಯಾಡ್‌ನಲ್ಲಿ ಎಫ್1. ಆಡಿಯೋ ಎಂಬ ಆಯ್ಕೆ ಇದ್ದರೆ ಎನೇಬಲ್ ಆಗಿರಬೇಕು. ಡೆಲ್‌ನ ಎಷ್ಟೋ ಮಾಡೆಲ್‌ಗಳಲ್ಲಿ ಒಳ ಸ್ಪೀಕರ್‌ಗೆಂದೇ ಬೇರೆ ಗುರುತು ಇರುತ್ತದೆ. ತಯಾರಕರ ಹಾರ್ಡ್‌ವೇರ್ ಪರೀಕ್ಷೆ ಬೂಟ್‌ಗೂ ಮೊದಲು ಓಡುವಂಥದ್ದಾದರೆ, ಅದರಲ್ಲಿ ಆಡಿಯೋ ಪರೀಕ್ಷೆ ಇದೆಯೇ ನೋಡಿ. ಅಲ್ಲಿ ಸ್ಪೀಕರ್ ನುಡಿದರೆ ಹಾರ್ಡ್‌ವೇರ್ ಸರಿಯಿದೆ.

ಅದು ಇಲ್ಲದಿದ್ದರೆ 8 ಜಿಬಿ ಅಥವಾ ದೊಡ್ಡ ಪೆನ್‌ಡ್ರೈವ್‌ಗೆ ಉಬುಂಟು ಅಥವಾ ಫೆಡೋರಾ (ಎರಡೂ ಲಿನಕ್ಸ್‌ನ ರೂಪಗಳು) ಬರೆದು, ಇನ್‌ಸ್ಟಾಲ್ ಮಾಡದೆ ಲೈವ್ ಆಗಿ ಓಡಿಸಿ ಹಾಡು ಹಾಕಿ. ಸದ್ದು ಬಂದರೆ ವಿಂಡೋಸ್ ಕಡೆಯೇ ತಪ್ಪು. ಬಾರದಿದ್ದರೆ ಮಾತ್ರ ತೀರ್ಪು ಅಷ್ಟು ಖಚಿತವಲ್ಲ, ಏಕೆಂದರೆ ಹೊಚ್ಚಹೊಸ ಲ್ಯಾಪ್‌ಟಾಪ್‌ಗಳ ಸ್ಮಾರ್ಟ್ ಆಂಪ್ಲಿಫೈಯರ್‌ಗೆ ಲಿನಕ್ಸ್‌ನಲ್ಲಿ ಬೆಂಬಲ ತಡವಾಗಿ ಬರುವುದುಂಟು. ಪೆನ್‌ಡ್ರೈವ್‌ನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಬೇಕಾದ ಫೈಲ್‌ಗಳನ್ನು ಮೊದಲೇ ತೆಗೆದಿಡಿ.

ಲಿನಕ್ಸ್ ಮತ್ತು ಮ್ಯಾಕ್

ಲಿನಕ್ಸ್‌ನಲ್ಲಿ ಸೆಟ್ಟಿಂಗ್ಸ್ ಡಮ್ಮಿ ಔಟ್‌ಪುಟ್ ಎಂದು ತೋರಿಸಿದರೆ ಸಾಮಾನ್ಯವಾಗಿ ಕರ್ನಲ್‌ಗೆ ಸೌಂಡ್ ಕಾರ್ಡ್ ಸಿಕ್ಕಿಲ್ಲ ಎಂದರ್ಥ. ಇಂಟೆಲ್ ಯಂತ್ರಗಳಲ್ಲಿ ಸೌಂಡ್ ಓಪನ್ ಫರ್ಮ್‌ವೇರ್ ಪ್ಯಾಕೇಜ್ ಇಲ್ಲದಿರುವುದು ಇದಕ್ಕೆ ದೊಡ್ಡ ಕಾರಣ. ಹಾಕಿ ರೀಬೂಟ್ ಮಾಡಿ. ಕಾರ್ಡ್ ಕಾಣುತ್ತಿದ್ದೂ ಸದ್ದಿಲ್ಲದಿದ್ದರೆ ಟರ್ಮಿನಲ್‌ನಲ್ಲಿ ಆಲ್ಸಾಮಿಕ್ಸರ್ (alsamixer) ತೆರೆದು, ಎಫ್6 ಒತ್ತಿ ನಿಜವಾದ ಕಾರ್ಡ್ ಆರಿಸಿ. ಕಂಬದ ಬುಡದಲ್ಲಿ ಎರಡು ಎಂ ಅಕ್ಷರ ಇದ್ದರೆ ಅದು ಮ್ಯೂಟ್ ಆಗಿದೆ, ಎಂ ಒತ್ತಿ ತೆಗೆಯಿರಿ. ಮಾಸ್ಟರ್ ಮಾತ್ರವಲ್ಲ, ಸ್ಪೀಕರ್ ಕಂಬವನ್ನೂ ನೋಡಿ. ಅಲ್ಲಿ ಆಟೋ ಮ್ಯೂಟ್ ಮೋಡ್ ಇದ್ದರೆ ಡಿಸೇಬಲ್ ಮಾಡಿದಾಗ ಸಿಕ್ಕಿಕೊಂಡ ಜ್ಯಾಕ್ ಇದ್ದರೂ ಸ್ಪೀಕರ್ ನುಡಿಯುತ್ತದೆ. ಜ್ಯಾಕ್ ಕೆಟ್ಟವರಿಗೆ ಇದು ದೊಡ್ಡ ಅನುಕೂಲ. ಕೊನೆಗೆ ಧ್ವನಿ ನೋಡಿಕೊಳ್ಳುವ ಪೈಪ್‌ವೈರ್ ಮತ್ತು ವೈರ್‌ಪ್ಲಂಬರ್ ಸರ್ವೀಸ್‌ಗಳನ್ನು ಬಳಕೆದಾರರ ಮಟ್ಟದಲ್ಲಿ ರೀಸ್ಟಾರ್ಟ್ ಮಾಡಿ (systemctl --user restart pipewire wireplumber).

ಮ್ಯಾಕ್‌ನಲ್ಲಿ ಸಿಸ್ಟಂ ಸೆಟ್ಟಿಂಗ್ಸ್, ಸೌಂಡ್, ಔಟ್‌ಪುಟ್ ನೋಡಿದ ಮೇಲೆ ಆ್ಯಕ್ಟಿವಿಟಿ ಮಾನಿಟರ್‌ನಲ್ಲಿ ಕೋರ್ ಆಡಿಯೋ ಡಿ (coreaudiod) ಎಂಬ ಪ್ರಕ್ರಿಯೆಯನ್ನು ನಿಲ್ಲಿಸಿ. ಅದು ತಾನಾಗಿ ಮತ್ತೆ ಶುರುವಾಗುತ್ತದೆ. ಹಳೆಯ ಮ್ಯಾಕ್‌ಬುಕ್‌ನ ಜ್ಯಾಕ್‌ನೊಳಗೆ ಕೆಂಪು ಬೆಳಕು ಕಂಡರೆ ಆಪ್ಟಿಕಲ್ ಔಟ್‌ಪುಟ್ ಸ್ವಿಚ್ ಸಿಕ್ಕಿಹಾಕಿಕೊಂಡಿದೆ, ಮೇಲಿನ ಜ್ಯಾಕ್ ಉಪಾಯವೇ ಇದಕ್ಕೂ. ಇಂಟೆಲ್ ಮ್ಯಾಕ್‌ಗಳಲ್ಲಿ ಆನ್ ಮಾಡಿದ ಕೂಡಲೇ ಆಪ್ಷನ್, ಕಮಾಂಡ್, ಪಿ, ಆರ್ ನಾಲ್ಕನ್ನೂ 20 ಸೆಕೆಂಡ್ ಹಿಡಿದರೆ ವಾಲ್ಯೂಮ್‌ನಂಥ ಸೆಟ್ಟಿಂಗ್ ಉಳಿಸುವ ಸಣ್ಣ ಮೆಮೊರಿಯಾದ ಎನ್‌ವಿರ‍್ಯಾಮ್ ರೀಸೆಟ್ ಆಗುತ್ತದೆ.

ಬಿಚ್ಚಿ ನೋಡುವುದಾದರೆ

ವಾರಂಟಿ ಇದ್ದರೆ ಇಲ್ಲಿಗೆ ನಿಲ್ಲಿಸಿ. ಇಲ್ಲದಿದ್ದರೆ, ಹೆಡ್‌ಫೋನ್‌ನಲ್ಲಿ ಸದ್ದು ಇದ್ದು ಸ್ಪೀಕರ್‌ನಲ್ಲಿ ಮಾತ್ರ ಇಲ್ಲದಿದ್ದಾಗ ಇದು ಪ್ರಯೋಜನಕ್ಕೆ ಬರುತ್ತದೆ. ಬೇಕಾದದ್ದು ಫಿಲಿಪ್ಸ್ 0 ಅಥವಾ ಟಾರ್ಕ್ಸ್ ಟಿ5 ಸ್ಕ್ರೂಡ್ರೈವರ್, ಮುಚ್ಚಳ ಎಬ್ಬಿಸಲು ಚಪ್ಪಟೆ ಪ್ಲಾಸ್ಟಿಕ್ ಪಟ್ಟಿ, ಮಲ್ಟಿಮೀಟರ್. ಸ್ಕ್ರೂಗಳನ್ನು ತೆಗೆದ ಜಾಗದ ನಕ್ಷೆಯಂತೆಯೇ ಕಾಗದದ ಮೇಲೆ ಜೋಡಿಸಿಡಿ; ಉದ್ದದ ಸ್ಕ್ರೂ ತಪ್ಪು ಜಾಗಕ್ಕೆ ಹೋದರೆ ಬೋರ್ಡ್ ತೂತಾಗುತ್ತದೆ. ಮುಚ್ಚಳ ತೆಗೆದ ಮೇಲೆ ಮೊದಲ ಕೆಲಸ ಬ್ಯಾಟರಿ ಕನೆಕ್ಟರ್ ಕಳಚುವುದು.

ಸ್ಪೀಕರ್ ವೈರ್ ಬೋರ್ಡ್‌ಗೆ ಸೇರುವ ಕನೆಕ್ಟರ್ ಸಾಮಾನ್ಯವಾಗಿ ನಾಲ್ಕು ಪಿನ್ನಿನದು, ಪ್ರತಿ ಬದಿಗೆ ಎರಡು. ಸಡಿಲವಾಗಿದ್ದರೆ ಕಳಚಿ ಮತ್ತೆ ಒತ್ತಿ. ಕಳಚಿರುವಾಗಲೇ ಮಲ್ಟಿಮೀಟರ್ ಅನ್ನು 200 ಓಮ್‌ಗೆ ಇಟ್ಟು ಒಂದೊಂದು ಜೋಡಿಯನ್ನೂ ಅಳೆಯಿರಿ. 4 ಓಮ್ ಸ್ಪೀಕರ್ 3.5ರ ಆಸುಪಾಸು, 8 ಓಮ್‌ನದು 7ರ ಆಸುಪಾಸು ತೋರಿಸಬೇಕು. ಮೀಟರ್ ಏನೂ ತೋರಿಸದಿದ್ದರೆ ಸ್ಪೀಕರ್ ಸುರುಳಿ ಅಥವಾ ವೈರ್ ಕಡಿದಿದೆ. ಮೀಟರ್ ಇಲ್ಲದಿದ್ದರೆ 1.5 ವೋಲ್ಟ್ ಸೆಲ್ಲನ್ನು ಕ್ಷಣ ಮಾತ್ರ ತಾಗಿಸಿ, ಟಕ್ ಎಂದರೆ ಸ್ಪೀಕರ್ ಬದುಕಿದೆ.

ಇನ್ನೊಂದು ಅಳತೆಯನ್ನು ಬಹಳ ಜನ ಬಿಡುತ್ತಾರೆ: ಪ್ರತಿ ವೈರ್‌ನಿಂದ ಲ್ಯಾಪ್‌ಟಾಪ್‌ನ ಲೋಹದ ಚೌಕಟ್ಟಿಗೆ. ಅಲ್ಲಿ ಸಂಪರ್ಕ ಇರಲೇಬಾರದು. ಈ ಆಂಪ್ಲಿಫೈಯರ್‌ಗಳಲ್ಲಿ ಎರಡೂ ವೈರ್‌ಗೆ ಸಂಕೇತ ಹೋಗುತ್ತದೆ, ಯಾವುದೂ ಗ್ರೌಂಡ್ ಅಲ್ಲ. ಮುಚ್ಚಳ ಹಾಕುವಾಗ ಸ್ಕ್ರೂ ಕಂಬದಡಿ ಸಿಕ್ಕಿ ಸಿಪ್ಪೆ ಸುಲಿದ ಒಂದು ವೈರ್ ಲೋಹಕ್ಕೆ ತಾಗಿದರೂ ಆಂಪ್ಲಿಫೈಯರ್ ತನ್ನ ರಕ್ಷಣೆಗೆ ನಿಂತುಬಿಡುತ್ತದೆ, ಕೆಲವು ಚಿಪ್‌ಗಳಲ್ಲಿ ಎರಡೂ ಬದಿಯ ಸದ್ದು ಹೋಗುತ್ತದೆ. ಆ ಜಾಗಕ್ಕೆ ಶಾಖ ತಾಳುವ ಟೇಪ್ ಸುತ್ತಿ, ವೈರನ್ನು ಅದರ ಕಾಲುವೆಯಲ್ಲೇ ಕೂರಿಸಿ.

ಜ್ಯಾಕ್ ಪಕ್ಕದ ಸಣ್ಣ ಬೋರ್ಡ್‌ಗೆ ಹೋಗುವ ಚಪ್ಪಟೆ ರಿಬ್ಬನ್ ಕೇಬಲ್ ಇದ್ದರೆ ಬೀಗದ ಪಟ್ಟಿ ಎತ್ತಿ, ನೆಟ್ಟಗೆ ಕೂರಿಸಿ ಮತ್ತೆ ಒತ್ತಿ. ಬಿಳಿ ಅಥವಾ ಹಸಿರು ಪುಡಿ ಕಂಡರೆ ಒಳಗೆ ದ್ರವ ಹೋಗಿದೆ. ಆಲ್ಕೋಹಾಲ್‌ನಿಂದ ಮೆಲ್ಲಗೆ ಉಜ್ಜಿ, ಪೂರ್ತಿ ಒಣಗದೆ ಬ್ಯಾಟರಿ ಜೋಡಿಸಬೇಡಿ.

ಸ್ಪೀಕರ್ ಅಳತೆ ಸರಿಯಿದ್ದು, ತಯಾರಕರ ಡ್ರೈವರ್ ಇದ್ದು, ಬೂಟ್ ಪೂರ್ವ ಪರೀಕ್ಷೆಯಲ್ಲೂ ಸದ್ದು ಬಾರದಿದ್ದರೆ ಉಳಿದದ್ದು ಆಂಪ್ಲಿಫೈಯರ್ ಅಥವಾ ಕೋಡೆಕ್ ಚಿಪ್. ಬಿಸಿಗಾಳಿ ಯಂತ್ರ ಮತ್ತು ಸೂಕ್ಷ್ಮದರ್ಶಕ ಇರುವ, ಚಿಪ್ ಮಟ್ಟದ ದುರಸ್ತಿ ಮಾಡುವವರ ಕೆಲಸ ಅದು. ಅದು ಬೇಡವೆನಿಸಿದರೆ ಹೆಬ್ಬೆರಳಿನಷ್ಟು ಉದ್ದದ ಯುಎಸ್‌ಬಿ ಸೌಂಡ್ ಅಡಾಪ್ಟರ್ ಒಂದನ್ನು ಹಾಕಿಕೊಳ್ಳಿ. ಅದರೊಳಗೆ ತನ್ನದೇ ಕೋಡೆಕ್ ಇರುತ್ತದೆ, ಸಾಮಾನ್ಯವಾಗಿ ಬೇರೆ ಡ್ರೈವರ್ ಕೇಳುವುದಿಲ್ಲ. ಕೆಟ್ಟ ಚಿಪ್ಪನ್ನು ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸೇಬಲ್ ಮಾಡಿಟ್ಟರೆ ಪ್ರತಿ ಸಲ ಔಟ್‌ಪುಟ್ ಆರಿಸುವ ಗೋಜೂ ಇರುವುದಿಲ್ಲ.